ಬೆಳ್ಳಿಯ ಬಿಲ್ಲೆಯೋ, ನಾಣ್ಯವೋ?



ಸ್ಮಾರಕ ಬೆಳ್ಳಿ ನಾಣ್ಯಗಳ ನನ್ನ ಹವ್ಯಾಸವನ್ನು ಬಲ್ಲ ನೀವು, ಬೆಳ್ಳಿಯ ದರ ಏರಿದಾಗಲೆಲ್ಲ "ಈಗ ಮಾರಿದರೆ ಎಷ್ಟು ಬಂದೀತು, ಸರ್?" ಎಂದು ಕೇಳುತ್ತೀರಿ. ತೂಕದ ಲೆಕ್ಕ ಅಕ್ಕಸಾಲಿಗನಿಗೆ ಸೇರಿದ್ದು. ನಾಣ್ಯವನ್ನು ಅಳೆಯಬೇಕಾದದ್ದು ಅದರ ಮುಖವನ್ನು ನೋಡಿ. ಆ ಪರೀಕ್ಷೆಯಲ್ಲಿ ನಮ್ಮ ಇತ್ತೀಚಿನ ಸ್ಮಾರಕ ನಾಣ್ಯಗಳಲ್ಲಿ ಬಹುಪಾಲು ತೇರ್ಗಡೆಯಾಗುವುದಿಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಗಾಂಧೀಜಿಯವರ ಜನ್ಮಶತಾಬ್ದಿಗೆಂದು 1969ರಲ್ಲಿ ಬಂದ ಹತ್ತು ರೂಪಾಯಿಯ ನಾಣ್ಯವನ್ನು ನೋಡಿರಿ. ಹದಿನೈದು ಗ್ರಾಂ ತೂಕ, ನೂರಕ್ಕೆ 80 ಭಾಗ ಬೆಳ್ಳಿ. ಒಂದು ಪಾರ್ಶ್ವಮುಖ, ಹೆಸರು, ಜನನ ಮರಣಗಳ ಎರಡು ಇಸವಿ, ಇಷ್ಟೇ. ಸುತ್ತಲಿನ ಬರಿದಾದ ಜಾಗವೇ ಆ ಮುಖವನ್ನು ಎತ್ತಿ ಹಿಡಿಯುತ್ತದೆ. ಈಗ 2023ರಲ್ಲಿ ಹೊಸ ಸಂಸತ್ ಭವನಕ್ಕಾಗಿ ಹೊರಡಿಸಿದ 75 ರೂಪಾಯಿಯ ನಾಣ್ಯವನ್ನು ಪಕ್ಕದಲ್ಲಿಡಿ. ತೂಕ 35 ಗ್ರಾಂ, ಬೆಳ್ಳಿ ಅರ್ಧದಷ್ಟು, ಅಗಲ 44 ಮಿಲಿಮೀಟರ್. ಅಷ್ಟು ವಿಶಾಲವಾದ ಬಿಲ್ಲೆಯ ಮೇಲೆ ಕಟ್ಟಡಗಳ ಸಂಕುಲವನ್ನೇ ತುರುಕಲಾಗಿದೆ. ಕಾಗದದ ಮೇಲೆ ಅದು ಚೆಂದವಿದ್ದೀತು. ಲೋಹದ ಉಬ್ಬುಚಿತ್ರಕ್ಕೆ ಅಷ್ಟೊಂದು ಗೆರೆಗಳು ಹೊರೆಯೇ ಸರಿ. ನಾಣ್ಯವೇನು ಭಿತ್ತಿಪತ್ರವೇ?

ಸಣ್ಣ ತಪ್ಪನ್ನೂ ಜನರು ಸಹಿಸದಿದ್ದ ಕಾಲವೊಂದಿತ್ತು. 1911ರ ಐದನೆಯ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಯಲ್ಲಿ, ಅವನ ಉಡುಪಿನ ಮೇಲಿನ ಪುಟ್ಟ ಆನೆಯ ಸೊಂಡಿಲು ಮೊಟಕಾಗಿ ಹಂದಿಯಂತೆ ಕಂಡಿತು. ದೊಡ್ಡ ಗದ್ದಲವೆದ್ದಿತು; 1912ರ ನಾಣ್ಯದಲ್ಲಿ ಸರಕಾರ ಆನೆಯನ್ನು ತಿದ್ದಿಸಿತು. ಆ ನಾಣ್ಯ ಸಂತೆಯಲ್ಲಿ ಕೈಯಿಂದ ಕೈಗೆ ಹೋಗುವಂಥದ್ದು. ಆದ್ದರಿಂದಲೇ ಅದಕ್ಕೆ ವಿಮರ್ಶಕರಿದ್ದರು.

ಇಂದಿನ ಬೆಳ್ಳಿ ನಾಣ್ಯಕ್ಕೆ ಆ ಭಾಗ್ಯವಿಲ್ಲ. ಮುಖಬೆಲೆಯ ಹಲವು ಪಟ್ಟು ತೆತ್ತು ಟಂಕಸಾಲೆಯಿಂದ ತರಿಸಿದವರ ಪೆಟ್ಟಿಗೆಯಲ್ಲಿ ಅದು ಮಲಗಿರುತ್ತದೆ. ಬಸವೇಶ್ವರರ ಹೆಸರಿನಲ್ಲಿ 2006ರಲ್ಲಿ ಬಂದ ಐದು ರೂಪಾಯಿ ನಮ್ಮ ತರಕಾರಿ ಅಂಗಡಿಯ ಚಿಲ್ಲರೆಯಲ್ಲೂ ಸಿಕ್ಕಿತ್ತು. ಅದರ ಜೊತೆಗಾರನಾದ ನೂರು ರೂಪಾಯಿಯ ಬೆಳ್ಳಿ ನಾಣ್ಯವನ್ನು ನಿಮ್ಮಲ್ಲಿ ಎಷ್ಟು ಮಂದಿ ಕಂಡಿದ್ದೀರಿ? ಕಾಯಕವನ್ನು ಬೋಧಿಸಿದವರ ನಾಣ್ಯಕ್ಕೇ ಕಾಯಕವಿಲ್ಲ!

"ಮಹನೀಯರಿಗೆ ಗೌರವ ಸಲ್ಲಿಸುವಾಗ ವಿನ್ಯಾಸದಲ್ಲಿ ಕೊರತೆ ಹುಡುಕಬಾರದು" ಎನ್ನುವವರೂ ಇದ್ದಾರೆ. ಗೌರವವೆಂಬ ಮಾತು ಇಲ್ಲಿ ಸೋಮಾರಿತನಕ್ಕೆ ಮುಸುಕು. ಐರ್ಲೆಂಡಿನವರು ತಮ್ಮ ಹೊಸ ನಾಣ್ಯಗಳಿಗಾಗಿ 1926ರಲ್ಲಿ ಕವಿ ಯೇಟ್ಸ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿ, ಹಲವು ದೇಶಗಳ ಶಿಲ್ಪಿಗಳಿಂದ ಮಾದರಿಗಳನ್ನು ತರಿಸಿದರು. 1928ರಲ್ಲಿ ಹೊರಬಂದ ಬೆಳ್ಳಿ ನಾಣ್ಯಗಳ ಮೇಲೆ ಯಾವ ನಾಯಕನೂ ಇಲ್ಲ. ಕುದುರೆ, ಮೀನು, ಗೂಳಿ. ದೇಶದ ಗೌರವಕ್ಕೇನೂ ಕುಂದು ಬರಲಿಲ್ಲ.

ನಮ್ಮಲ್ಲಿ ಶಿಲ್ಪಿಗಳಿಗೆ ಬರಗಾಲವೇ? ಅಚ್ಚು ಕೊರೆಯುವ ಮುನ್ನ ಮಾದರಿಗಳನ್ನು ಜನರ ಮುಂದಿಡಲಿ, ರಚಿಸಿದವರ ಹೆಸರನ್ನೂ ಹೇಳಲಿ. ಇನ್ನು, ದೀಪಾವಳಿಯ ಪೂಜೆಗೆಂದು ಬೆಳ್ಳಿ ನಾಣ್ಯಗಳನ್ನು ವಿಭೂತಿ ಹಚ್ಚಿ ತಿಕ್ಕುವ ನನ್ನ ಬಂಧುಗಳಲ್ಲಿ ಒಂದು ಬಿನ್ನಹ: 1969ರ ಗಾಂಧೀಜಿಯ ಮೂಗನ್ನು ದಯವಿಟ್ಟು ಸವೆಸಬೇಡಿ.