ತಿರುಗಿ ಹೋಗೂ ವಾಯರಿಗೆ ಯಾಕ ಇಷ್ಟು ಜಿಪುಣತನ?

ನಮ್ಮ ವಾಚನಾಲಯದ ಹಿಂದಿನ ಹೊಸ ಕೋಣಿಗೆ ಬೇರೆ ಬೋರ್ಡ್ ಕೂಡಿಸೋ ಮಾತು ನಡೆದದ. ಹೋದ ವಾರ ಸಾಮಾನಿನ ಚೀಟಿ ನೋಡಿದೆ. ಫೇಜಿಗೆ 6 ಸ್ಕ್ವೇರ್ ಎಂ.ಎಂ. ವಾಯರ್, ನ್ಯೂಟ್ರಲ್ಲಿಗೆ 1.5. ಹಿಂಗ್ಯಾಕ ಅಂತ ಕೇಳಿದ್ರ, "ಕಾಕಾ, ನ್ಯೂಟ್ರಲ್‌ನ್ಯಾಗ ಕರೆಂಟ್ ಇರಂಗಿಲ್ಲ, ಸುಮ್ಮನ ರೊಕ್ಕ ಯಾಕ ದಂಡ?" ಅಂದ್ರು. ಪಂಚರೂ ತಲಿ ಆಡಿಸಿದ್ರು. ನಾನು ಏಳನೇತ್ತಾ ಕಲಿತವ, ಆದ್ರ ಈ ಮಾತಿಗೆ ತಲಿ ಆಡಿಸಲಿಕ್ಕೆ ನನ್ನ ಕೈಲೆ ಆಗಲಿಲ್ಲ. ಅದಕ್ಕ ಈ ಬರಹ.

ಕರೆಂಟ್ ಇರಂಗಿಲ್ಲ ಅಂಬೋದಕ್ಕ ಅವರ ಸಾಕ್ಷಿ ಟೆಸ್ಟರ್. ಟೆಸ್ಟರ್ ಹಚ್ಚಿದ್ರ ನ್ಯೂಟ್ರಲ್ ಮ್ಯಾಲೆ ದೀಪ ಹತ್ತಂಗಿಲ್ಲ, ಖರೆ. ಟೆಸ್ಟರ್ ತೋರಸೂದು ಭೂಮಿಗಿಂತ ಆ ವಾಯರಿನ ವೋಲ್ಟ್ ಎಷ್ಟು ಎತ್ತರ ಅದ ಅಂತ. ಒಳಗ ಎಷ್ಟು ಆಂಪಿಯರ್ ಹರಿತದ ಅಂತ ಅದು ಹೇಳಂಗಿಲ್ಲ. ಹೊಲಕ್ಕ ನೀರು ಹಾಯಿಸೂವಾಗ ಕಾಲುವಿ ಎತ್ತರದಾಗ ಇರತದ, ಬಸಿಗಾಲುವಿ ತಗ್ಗಿನಾಗ ಇರತದ. ತಗ್ಗಿನಾಗ ಅದ ಅಂತ ಬಸಿಗಾಲುವಿಯೊಳಗ ನೀರಿಲ್ಲ ಅನ್ನೂದ ಏನು? ಹೊಲ ಆದ್ರೂ ಅರ್ಧ ನೀರು ಕುಡೀತದ. ಫ್ಯಾನ್, ಬಲ್ಬ್ ಒಂದು ಆಂಪಿಯರನ್ನೂ ನುಂಗಂಗಿಲ್ಲ. ಸಿಂಗಲ್ ಫೇಜಿನ್ಯಾಗ ಕೆಂಪು ವಾಯರಿನಿಂದ ಎಷ್ಟು ಬಂತೋ, ಕರಿ ವಾಯರಿನಿಂದ ಅಷ್ಟೂ ತಿರುಗಿ ಹೋಗಬೇಕು.

ಈಗ ನಮ್ಮ ಕೋಣಿ ಲೆಕ್ಕ ಹಾಕ್ರಿ. ಬರೂದು ಸಿಂಗಲ್ ಫೇಜ್. ಮೂರು ಲೈನು: ಫ್ಯಾನ್ ಮತ್ತ ದೀಪ, ಹುಡುಗರ ಕಂಪ್ಯೂಟರ್, ನೀರಿನ ಮೋಟರ್. ಒಂದೊಂದ್ರಾಗ 10 ಆಂಪಿಯರ್ ಹರಿದ್ರ ಮೂರಕ್ಕೂ ಬೇರೆಬೇರೆ ಎಂ.ಸಿ.ಬಿ. ಅವ, ತೊಂದರಿಲ್ಲ. ಆದ್ರ ಮೂರರ ನೀರೂ ಬಂದು ಬೀಳೂದು ಆ ಒಂದ ನ್ಯೂಟ್ರಲ್ಲಿಗೆ. 30 ಆಂಪಿಯರ್! 1.5ರ ವಾಯರ್ ಅದನ್ನ ತಾಳಂಗಿಲ್ಲ. ಮೇನ್ ಎಂ.ಸಿ.ಬಿ. 32ರದು, 30ಕ್ಕ ಅದು ಬೀಳಂಗಿಲ್ಲ. ನ್ಯೂಟ್ರಲ್ಲಿಗೆ ಅಂತ ಬೇರೆ ಎಂ.ಸಿ.ಬಿ. ಇರಂಗಿಲ್ಲ. ಹಂಗಂದ್ರ ವಾಯರ್ ಕಾಯತದ, ಮ್ಯಾಲಿನ ಪ್ಲಾಸ್ಟಿಕ್ ಕರಗತದ, ಯಾರಿಗೂ ಸುದ್ದಿ ಇಲ್ಲ. ಗ್ವಾಡಿಯೊಳಗ, ಪುಸ್ತಕದ ಕಪಾಟಿನ ಹಿಂದ.

"ನಿನ್ನ ಬೋರಿನ ಮೋಟರಿಗೆ ನ್ಯೂಟ್ರಲ್ ಎಲ್ಲದ?" ಅಂತ ಒಬ್ಬರು ನನಗ ಕುಟುಕಿದ್ರು. ಇಲ್ಲ. ದಾಳಿಂಬಿ ಬಾಗದ ಸ್ಟಾರ್ಟರಿಗೆ ಮೂರ ವಾಯರ್. ನಮ್ಮ ರೈತರ ತಲ್ಯಾಗ ನ್ಯೂಟ್ರಲ್ ಅಂದ್ರ ಹೆಚ್ಚಿನ ಸಾಮಾನು ಅಂತ ಕುಂತದ್ದು ಇಲ್ಲಿಂದನ. ತ್ರೀ ಫೇಜ್ ಮೋಟರ್ ಮೂರೂ ಫೇಜಿನ್ಯಾಗ ಸಮ ಎಳೀತದ, ಒಂದರದ್ದು ಇನ್ನೊಂದ್ರಾಗ ತಿರುಗಿ ಹೋಗತದ. ಆದ್ರ ಮನಿ, ಸಾಲಿ, ಗುಡಿ ಲೋಡು ಎಂದರೆ ಸಮ ಇರತದೇನು? ಮೂರು ಫೇಜಿಗೂ 20 ಆಂಪಿಯರ್ ಇದ್ರ ನ್ಯೂಟ್ರಲ್‌ನ್ಯಾಗ ಸೊನ್ನಿ. ಒಂದು 20, ಒಂದು 10, ಒಂದು ಖಾಲಿ ಇದ್ರ ನ್ಯೂಟ್ರಲ್‌ನ್ಯಾಗ 17. ಒಂದರ ಮ್ಯಾಲೆ ಅಷ್ಟ 20 ಇದ್ರ ನ್ಯೂಟ್ರಲ್‌ನ್ಯಾಗೂ ಪೂರಾ 20. ಅದಕ್ಕ ತ್ರೀ ಫೇಜ್ ಬೋರ್ಡಿಗೂ ನ್ಯೂಟ್ರಲ್ ಫೇಜಿನಷ್ಟ ದಪ್ಪ ಬೇಕು. ಎಲ್.ಇ.ಡಿ., ಕಂಪ್ಯೂಟರ್ ತುಂಬಿದಲ್ಲಿ ಲೋಡು ಸಮ ಇದ್ರೂ ನ್ಯೂಟ್ರಲ್ ಖಾಲಿ ಆಗಂಗಿಲ್ಲ, ಅದರ ಕಥಿ ಇನ್ನೊಮ್ಮೆ.

ನ್ಯೂಟ್ರಲ್ ಕಡದ್ರ ಏನಾಗತದ ಅಂಬೋದನ್ನ ನಾನು ಕಣ್ಣಿಲೆ ನೋಡೇನಿ. ಒಂದು ಊರಾಗ ಜಾತ್ರಿಗೆ ಡೊಳ್ಳಿನ ಪದ ಹಾಡಾಕ ಹೋಗಿದ್ದೆ. ಸಭಾಮಂಟಪಕ್ಕ ತ್ರೀ ಫೇಜ್ ಎಳದಿದ್ರು, ನ್ಯೂಟ್ರಲ್ ಎಳಿ ಸಣ್ಣದು, ಸ್ಕ್ರೂ ಸಡ್ಲ. ಅಡಗಿ ಕಡೆ ದೊಡ್ಡ ಹೀಟರ್ ಒಂದು ಫೇಜ್, ನಮ್ಮ ಮೈಕ್ ಇನ್ನೊಂದು ಫೇಜ್. ನಡುರಾತ್ರಿ ನ್ಯೂಟ್ರಲ್ ಸುಟ್ಟು ಕಡೀತು. ಆವಾಗ ಎರಡು ಫೇಜಿನ ನಡುವಿನ 415 ವೋಲ್ಟು ಹೀಟರಿಗೂ ಮೈಕಿಗೂ ಹಂಚಿ ಹೋಗತದ, ಹಗುರ ಲೋಡಿಗೆ ಹೆಚ್ಚಿನ ಪಾಲು. 230ಕ್ಕ ಮಾಡಿದ ಸಾಮಾನಿಗೆ 350 ದಾಟಿ ಬರಬಹುದು. ಬಲ್ಬು ಒಮ್ಮೆ ಬೆಳ್ಳಗ ಉರದು ಒಡದ್ವು, ಆಂಪ್ಲಿಫಾಯರಿನ್ಯಾಗಿಂದ ಹೊಗಿ ಬಂತು. ಹತ್ತು ವರ್ಷ ಕೂಡಿಸಿದ ರೊಕ್ಕದ ಸಾಮಾನು ಅದು. ಯಾರೂ ಒಂದು ಪೈಸೆ ತುಂಬಿಕೊಡಲಿಲ್ಲ, "ಲೈಟಿಂದ ದೋಷ" ಅಂದು ಎದ್ದು ಹೋದ್ರು.

ಅದಕ್ಕಿಂತ ಹೊಲಸು ಮಾತು ಮುಂದ ಕೇಳಿದ್ದು: "ಸದ್ಯ ಅರ್ತಿಂಗ್ ವಾಯರ್ ಜೋಡಸ್ರಿ, ನಡೀತದ." ನಡೀತದ, ಅರ್ತಿಂಗ್ ಚಲೋ ಇರೂತನಕ. ಅದು ಎಲ್ಲಿ ಕಡೀತದೋ, ಆ ದಿನ ಅದಕ್ಕ ಕಟ್ಟಿದ ಕಬ್ಬಿಣದ ಪೆಟ್ಟಿಗಿ, ಮೋಟರ್, ಕೂಲರ್ ಎಲ್ಲಾಕ್ಕೂ ಕರೆಂಟ್ ಬರತದ. ಒದ್ದಿ ಕೈಲೆ ಯಾರು ಮುಟ್ಟತಾರೋ ಅವರು ಹೋದ್ರು. ಸಬ್ ಬೋರ್ಡಿನ್ಯಾಗ ನ್ಯೂಟ್ರಲ್ ಪಟ್ಟಿ ಬ್ಯಾರೆ, ಅರ್ತಿಂಗ್ ಪಟ್ಟಿ ಬ್ಯಾರೆ. ಎರಡನ್ನೂ ಅಲ್ಲಿ ಕೂಡಿಸಬಾರದು.

ಗೀಗೀ ಪದದಾಗ ಹಿಮ್ಮ್ಯಾಳದವರ ದನಿ ಸಣ್ಣದಾದ್ರ ಮುಂದ ಹಾಡಾವನ ಗಂಟಲಾ ಹರೀತದ. ಹಿಮ್ಮ್ಯಾಳದವರಿಗೆ ಅರ್ಧ ಸಂಭಾವನಿ ಕೊಡೋ ಮ್ಯಾಳ ನಾನು ಬಾಳ ನೋಡೇನಿ, ಈ ಪಂಚರ ಬುದ್ಧಿನೂ ಅದ ಜಾತಿದು.

ಮಾಸ್ತರರ, ಎಂಟನೇತ್ತಾ ಪಾಠದಾಗ ಸರ್ಕಿಟ್ ಅಂದ್ರ ಸುತ್ತ ಬಂದು ಮುಟ್ಟೂ ದಾರಿ ಅಂತ ನೀವ ಹುಡುಗರಿಗೆ ಕಲಸ್ತೀರಿ. ಪಂಚರ ಸಭಾದಾಗ ಯಾಕ ಬಾಯಿ ಮುಚ್ಚಿ ಕುಂತ್ರಿ?

ನಾನು ಕೇಳೂದು ಇಷ್ಟ. ನ್ಯೂಟ್ರಲ್ಲಿಗೂ 6 ಸ್ಕ್ವೇರ್ ಎಂ.ಎಂ. ತಾಮ್ರ, ಪಟ್ಟಿಯೊಳಗ ಒಂದು ತೂತಿಗೆ ಒಂದ ವಾಯರ್, ಪ್ರತಿ ಲೈನಿಗೆ ಅದರದ ಕರಿ ವಾಯರ್, ಕೆಲಸ ಮಾಡಾವ ಲೈಸೆನ್ಸ್ ಇದ್ದಾವ. ಹೆಚ್ಚಿಗಿ ಬೀಳೂ ರೊಕ್ಕ ನನ್ನ ಮುಂದಿನ ಹಾಡಿನ ಸಂಭಾವನಿಯೊಳಗ ಹಿಡಕೊಳ್ರಿ. 1.5ರದ್ದ ಹಾಕಿದ್ರ ಕೋಣಿ ಪ್ರಾರಂಭದ ದಿನ ನಾನು ಹಾಡಾಕ ಬರಂಗಿಲ್ಲ, ನನ್ನ ಮೊಮ್ಮಕ್ಕಳನ್ನೂ ಅಲ್ಲಿ ಓದಾಕ ಕಳಸಂಗಿಲ್ಲ.