ಗ್ರಹಣದ ಕೋಣೆ

ಕಳೆದ ತಿಂಗಳು ಬೀದರದಿಂದ ಭಾಲ್ಕಿಯ ಮನೆಗೆ ಹೋಗಿದ್ದೆ. ಔರಾದಿಗೆ ಕೊಟ್ಟ ತಂಗಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಗಾಳಿ ಬೆಳಕಿನ ಪಡಸಾಲೆಯನ್ನು ಬಿಟ್ಟು ಆಕೆ ಒಳಗಿನ ಕತ್ತಲ ಕೋಣೆಯನ್ನು ಸೇರಿದ್ದಳು. ಅಂಗಳಕ್ಕೆ ಕಾಲಿಡಲೊಲ್ಲಳು. ಕಾರಣ, ಅಲ್ಲಿಂದ ಕಾಣುವ ಮೊಬೈಲ್ ಟವರು!

"ಅಣ್ಣಾ, ಅದರ ಅಲೆಗಳಿಂದ ಹೊಟ್ಟೆಯ ಕೂಸಿನ ಎಲುಬು ಬಲಿಯುವುದಿಲ್ಲವಂತೆ."

ಇದನ್ನು ಓದಿದ್ದೆಲ್ಲಿ? ಮಡಿಲಲ್ಲಿದ್ದ ಫೋನಿನಲ್ಲಿ!

ಅವ್ವ ನಕ್ಕಳು: "ನಮ್ಮನ್ನು ಗ್ರಹಣಕ್ಕೆ ಅಂಜಿ ಕೋಣೆಯಲ್ಲಿ ಕೂಡಿಸುತ್ತಿದ್ದರು. ಅದು ಎರಡು ತಾಸಿಗೆ ಬಿಡುತ್ತಿತ್ತು, ಇವಳದು ಬಿಡಲೊಲ್ಲದು."

ತಂಗಿಯ ಅಂಜಿಕೆ ಬರಿಯ ಭ್ರಮೆಯಲ್ಲ. ಗರ್ಭಿಣಿ ಇಲಿಗಳನ್ನು ಇಂಥ ಅಲೆಗಳಿಗೆ ಒಡ್ಡಿದ ಕೆಲವು ಪ್ರಯೋಗಗಳಲ್ಲಿ ಮರಿಗಳ ಎಲುಬಿನಲ್ಲಿ ವ್ಯತ್ಯಾಸ ಕಂಡುದುಂಟು. ಆದರೆ ಇಲಿಯ ಒಡಲು ಪುಟ್ಟದು. ಅಲೆಯ ಮೂಲವೋ ಬಲು ಸಮೀಪ. ಮನುಷ್ಯಶಿಶುವಿನ ಎಲುಬು ಹೀಗೆ ಕೆಟ್ಟಿತೆಂಬುದಕ್ಕೆ ಪುರಾವೆಯಿಲ್ಲ. ಕ್ಷಕಿರಣಗಳಂತೆ ಈ ಅಲೆಗಳು ಅಣುಗಳನ್ನು ಒಡೆಯಲಾರವು, ತೀವ್ರವಾದಾಗ ಬಿಸಿಮಾಡಬಲ್ಲವು. ದೂರ ಇಮ್ಮಡಿಯಾದರೆ ಅವುಗಳ ಬಲ ಕಾಲುಪಾಲಿಗೆ ಇಳಿಯುತ್ತದೆ. 2012ರಲ್ಲಿ ನಮ್ಮ ಸರ್ಕಾರವು ಟವರುಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಪಾಲಿಗೆ ಇಳಿಸಿತು. ದೂರದ ಟವರಿಗೆ ಅಂಜಿದವಳು ಫೋನನ್ನು ಮಡಿಲಲ್ಲಿಟ್ಟುಕೊಂಡಿದ್ದಳಲ್ಲ!

ಹಾಗಾದರೆ ಎಲುಬು ಬಲಿಯುವುದು ಯಾವುದರಿಂದ? ಹೆಚ್ಚಿನ ಎಲುಬುಗಳು ಮೊದಲು ಮೃದ್ವಸ್ಥಿಯಾಗಿ ರೂಪುಗೊಂಡು ಆಮೇಲೆ ಗಟ್ಟಿಯಾಗುತ್ತವೆ. ಹುಟ್ಟುವ ಹೊತ್ತಿಗೆ ಕೂಸಿನ ಮೈಯಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಸೇರಿರುತ್ತದೆ. ಅದರ ಬಹುಪಾಲು ಕಡೆಯ ಮೂರು ತಿಂಗಳಲ್ಲಿ ತಾಯಿಯಿಂದ ಬರತಕ್ಕದ್ದು. ಆಹಾರದ ಕ್ಯಾಲ್ಸಿಯಂ ತಾಯಿಯ ಮೈಗೆ ಹಿಡಿಯಲು ಡಿ ಜೀವಸತ್ವ ಬೇಕು; ಅದನ್ನು ಕೊಡುವುದು ಬಿಸಿಲು. ಟವರಿಗೆ ಅಂಜಿ ಆಕೆ ತೊರೆದುದು ಆ ಬಿಸಿಲನ್ನೇ!

"ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುತ್ತಿರುವೆಯೇನವ್ವ?" ಎಂದು ಕೇಳಿದೆ.

ತಂಗಿ ತಲೆ ತಗ್ಗಿಸಿದಳು. ಮಾತ್ರೆಗಳು ಟ್ರಂಕಿನಲ್ಲಿ ಇಟ್ಟಂತೆಯೇ ಇದ್ದವು. 2014ರ ಕೇಂದ್ರ ಸರ್ಕಾರದ ಸೂಚನೆಯಂತೆ ಗರ್ಭಿಣಿಯು 14ನೆಯ ವಾರದಿಂದ ದಿನಕ್ಕೆರಡು ಬಾರಿ 500 ಮಿಲಿಗ್ರಾಂ ಕ್ಯಾಲ್ಸಿಯಂ ಸೇವಿಸಬೇಕು. ಕಬ್ಬಿಣದ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ಜೊತೆಗೆ ಹಾಲು, ಮೊಸರು, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ. ದೇವಣಿ ಆಕಳುಗಳ ಸೀಮೆಯ ಹೆಣ್ಣುಮಗಳಿಗೆ ಇದನ್ನು ಹೇಳಿಕೊಡಬೇಕೆ?

ಸಂಜೆ ಹಾಸಿಗೆ ಪಡಸಾಲೆಗೆ ಬಂದಿತು. ಫೋನು ಮಡಿಲನ್ನು ಬಿಟ್ಟು ಗೋಡೆಯ ಗೂಡನ್ನು ಸೇರಿತು, ಪಕ್ಕದಲ್ಲಿ ಮಾತ್ರೆಗಳು. ಅದನ್ನು ಆರಿಸಹೊರಟವಳನ್ನು ತಡೆದೆ.

"ಇರಲಿ ತಂಗಿ, ನಡುರಾತ್ರಿ ನೋವು ಬಂದರೆ 108ಕ್ಕೆ ಕರೆಯಬೇಕಲ್ಲ!"

ಮರುದಿನ ನಾನು ಬೀದರಕ್ಕೆ ಹೊರಡುವಾಗ ಆಕೆ ಅಂಗಳದ ಬಿಸಿಲಿನಲ್ಲಿ ಕೂತು ಅವ್ವನೊಡನೆ ಎಳ್ಳು ಹಸನು ಮಾಡುತ್ತಿದ್ದಳು.