ಸ್ಟಾಲ್ ಅವಳದ್ದು, ಕ್ಯೂಆರ್ ಕೋಡ್ ಯಾರದ್ದು?

ರಮಝಾನ್‌ಗೆ ಮುಂಚಿನ ಒಂದೆರಡು ತಿಂಗಳು ಮಂಗಳೂರು, ಉಳ್ಳಾಲ, ದೇರಳಕಟ್ಟೆ, ಬಿ.ಸಿ.ರೋಡ್, ಪುತ್ತೂರು ಕಡೆಯ ಯಾವುದಾದರೂ ಹಾಲ್‌ನಲ್ಲಿ ಒಂದು ಎಕ್ಸಿಬಿಷನ್ ಇದ್ದೇ ಇರುತ್ತದೆ. ಅಬಾಯ, ಶಾಲು, ಅತ್ತರು, ಕೇಕು, ಉಪ್ಪಿನಕಾಯಿ. ಇವುಗಳ ನಡುವೆ ಈಗ ಕೈಯಲ್ಲೇ ಮಾಡಿದ ಆಭರಣಗಳ ಮೇಜುಗಳೂ ಕಾಣುತ್ತವೆ. ರೇಷ್ಮೆ ನೂಲು ಸುತ್ತಿದ ಬಳೆ, ಮಣಿ ಪೋಣಿಸಿದ ಸರ, ರೆಸಿನ್‌ನೊಳಗೆ ಒಣಹೂ ಕೂರಿಸಿದ ಪೆಂಡೆಂಟ್, ಹಿಜಾಬ್ ಪಿನ್, ಮೈಲಾಂಜಿಯ ದಿನಕ್ಕೆಂದು ಬಟ್ಟೆ ಹೂವಿನ ಸೆಟ್. ಮೇಜಿನ ಹಿಂದೆ ನಮ್ಮದೇ ಮನೆಗಳ ಹೆಣ್ಣುಮಕ್ಕಳು. ಕೆಲವರು ಡಿಗ್ರಿ ಮುಗಿಸಿದವರು, ಕೆಲವರು ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ವ್ಯಾಪಾರ ಮಾಡುವವರು.

ಒಂದು ಜೊತೆ ಬಳೆ ತೆಗೆದುಕೊಳ್ಳಿ. ದುಡ್ಡು ಕೊಡಲು ಫೋನ್ ಹಿಡಿದು ಸ್ಕ್ಯಾನ್ ಮಾಡಿ. ತೆರೆಯ ಮೇಲೆ ಬರುವ ಹೆಸರು ಎಷ್ಟೋ ಸಲ ಗಂಡಸಿನದ್ದು. ಬಳೆ ಮಾಡಿದವಳ ಗಂಡನೋ, ಅಣ್ಣನೋ, ಬಾಪನೋ. "ಅದು ಇವರ ನಂಬ್ರ, ದುಡ್ಡು ಬಂದರೆ ಅವರಿಗೆ ಮೆಸೇಜ್ ಬರ್ತದೆ, ಮತ್ತೆ ನನಗೆ ಹೇಳ್ತಾರೆ" ಎಂದು ಆಕೆ ಸಹಜವಾಗಿಯೇ ಹೇಳುತ್ತಾಳೆ. ಇದರಲ್ಲಿ ಯಾರದ್ದೂ ಕೆಟ್ಟ ಬುದ್ಧಿ ಇಲ್ಲ ಎಂಬುದು ನನಗೂ ಗೊತ್ತು. ಆದರೂ ಈ ಸಣ್ಣ ಚೌಕದ ಬಗ್ಗೆ ನಾವು ಮನೆಗಳಲ್ಲಿ ಕೂತು ಮಾತಾಡಬೇಕಾಗಿದೆ. ಈ ವ್ಯಾಪಾರ ನಿಜವಾಗಿ ವ್ಯಾಪಾರವೋ ಅಥವಾ ಮನೆಯವರು ಹೇಳುವ ಹಾಗೆ ಬರೀ 'ಟೈಂಪಾಸ್' ಆಗಿಯೇ ಉಳಿಯುತ್ತದೋ ಎಂಬುದು ಅಲ್ಲಿಂದಲೇ ತೀರ್ಮಾನವಾಗುತ್ತದೆ.

ಆಭರಣದ ವಿಷಯದಲ್ಲಿ ಬ್ಯಾರಿ ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಿವಿಯ ಅಂಚಿಗೆ ಸಾಲಾಗಿ ತೂಗುತ್ತಿದ್ದ ಅಲಿಕತ್ತು, ಕೊಪ್ಪು, ಬೆಂಡೋಲೆ, ಕುತ್ತಿಗೆಗೆ ಮಿಸ್ರಿ ಮಾಲೆ. ಇವೆಲ್ಲ ನಮ್ಮ ಅಜ್ಜಿಯಂದಿರ ಪೆಟ್ಟಿಗೆಯಲ್ಲಿದ್ದವು. ಈಗ ಬ್ಯಾರಿ ಸಾಹಿತ್ಯ ಸಮ್ಮೇಳನಗಳಲ್ಲಿ ಪ್ರದರ್ಶನಕ್ಕೆ ಇಟ್ಟರೆ ಮಕ್ಕಳು ಫೋಟೊ ತೆಗೆದುಕೊಳ್ಳುತ್ತಾರೆ. ಅದೇ ಅಲಿಕತ್ತಿನ ಮಾದರಿಯನ್ನು ಹಗುರವಾದ ಲೋಹದಲ್ಲಿ, ಮಣಿಯಲ್ಲಿ ಮಾಡಿ ಮಾರಿದರೆ ಕೊಳ್ಳುವವರು ಖಂಡಿತ ಇದ್ದಾರೆ. ಎಲ್ಲರೂ ಇನ್‌ಸ್ಟಾಗ್ರಾಂನಲ್ಲಿ ಕಂಡ ಒಂದೇ ಡಿಸೈನನ್ನು ಮಾಡುತ್ತಾ ಕೂರುವುದಕ್ಕಿಂತ ಇದು ಎಷ್ಟೋ ವಾಸಿ. ಇರಲಿ, ಅದು ಬೇರೆಯೇ ಮಾತು.

ಕೈಕೆಲಸವೂ ನಮಗೆ ಹೊಸತಲ್ಲ. ಈ ಜಿಲ್ಲೆಯ ಸಾವಿರಾರು ಮನೆಗಳು ಬೀಡಿಯಿಂದ ನಡೆದಿವೆ. ಎಲೆ ನೆನೆಸಿ, ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಟಿ, ನೂಲು ಸುತ್ತಿ ಕಟ್ಟು ಕಟ್ಟಿದ ಉಮ್ಮಂದಿರ ಬೆರಳುಗಳನ್ನು ನೋಡಿದವರು ಈ ಪುಟ ಓದುವವರಲ್ಲಿ ಬೇಕಾದಷ್ಟು ಜನ ಇದ್ದೀರಿ. ಆ ಕೆಲಸ ಕಷ್ಟದ್ದು, ಎದೆಗೆ ಕೆಟ್ಟದ್ದು, ಕೂಲಿ ಕಡಿಮೆ, ಸರಿಯಿಲ್ಲ ಎಂದು ಒಂದಿಷ್ಟು ಬೀಡಿಯನ್ನು ಬದಿಗೆ ಎಸೆಯುವುದು ಬೇರೆ. ಆದರೆ ಅದರಲ್ಲಿ ಒಂದು ವಿಷಯ ಇತ್ತು. ಸಾವಿರ ಬೀಡಿಗೆ ಇಷ್ಟು ಎಂಬ ರೇಟು ಇತ್ತು. 1966ರ ಬೀಡಿ ಕಾರ್ಮಿಕರ ಕಾಯ್ದೆ ಬಂದ ಮೇಲೆ ಮನೆಯಲ್ಲಿ ಕೂತು ಕಟ್ಟುವವಳೂ ಕಾನೂನಿನ ಕಣ್ಣಿಗೆ ಕಾರ್ಮಿಕಳಾದಳು. ಲೆಕ್ಕದ ಪುಸ್ತಕದಲ್ಲಿ ಅವಳದೇ ಹೆಸರು, ಪಿಎಫ್ ಅವಳದೇ ಹೆಸರಿಗೆ, ಮಕ್ಕಳ ಸ್ಕಾಲರ್‌ಶಿಪ್‌ಗೆ ಹಾಕುವಾಗ ತೋರಿಸುವುದು ಅವಳದೇ ಕಾರ್ಡು. ಅಕ್ಷರ ಬಾರದ ಉಮ್ಮನಿಗೂ ತಾನು ಈ ವಾರ ಎಷ್ಟು ಸಾವಿರ ಕಟ್ಟಿದೆ, ಎಷ್ಟು ಬರಬೇಕು ಎಂಬುದು ಬಾಯಿಪಾಠ.

ಅವಳ ಮೊಮ್ಮಗಳು ಬಿ.ಕಾಂ. ಮಾಡಿದ್ದಾಳೆ. ಒಂದು ಸೆಟ್ ಬಳೆಗೆ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದರೆ ನಗುತ್ತಾಳೆ. "ಅದೆಲ್ಲ ಲೆಕ್ಕ ಇಟ್ಟಿಲ್ಲ, ಟಿವಿ ನೋಡ್ತಾ ನೋಡ್ತಾ ಆಗ್ತದೆ."

ಆ ಲೆಕ್ಕವನ್ನು ಒಮ್ಮೆ ಇಲ್ಲಿ ಹಾಕಿಯೇ ಬಿಡೋಣ. ಎರಡು ದಿನದ ಎಕ್ಸಿಬಿಷನ್‌ಗೆ ಸ್ಟಾಲ್ ಬಾಡಿಗೆ 3,000 ರೂಪಾಯಿ ಎಂದಿಟ್ಟುಕೊಳ್ಳಿ. ಎರಡೂ ದಿನ ಹೋಗಿ ಬರುವ ಆಟೋಗೆ 800, ಊಟ, ಚಾ, ನೀರಿಗೆ 400. ಒಟ್ಟು 4,200. ಒಂದು ಸೆಟ್ ಬಳೆಗೆ ನೂಲು, ಖಾಲಿ ಬಳೆ, ಕಲ್ಲು, ಅಂಟು, ಡಬ್ಬಿ ಸೇರಿ 90 ರೂಪಾಯಿ ಬೀಳುತ್ತದೆ, 250ಕ್ಕೆ ಮಾರುತ್ತಾಳೆ ಎಂದರೆ ಕೈಗೆ ಸಿಗುವುದು 160. ಬರೀ ಬಾಡಿಗೆ, ಆಟೋ ಖರ್ಚು ಹುಟ್ಟಲಿಕ್ಕೇ 27 ಸೆಟ್ ಮಾರಬೇಕು. ಒಂದು ಸೆಟ್‌ಗೆ ಒಂದೂವರೆ ಗಂಟೆ ಹಿಡಿದರೆ 40 ಗಂಟೆಯ ದುಡಿಮೆ ಹಾಲ್‌ನವರಿಗೆ ಮತ್ತು ಆಟೋದವರಿಗೆ ಹೋಯಿತು. "ಇನ್ನೂರಕ್ಕೆ ಕೊಡಿ" ಎನ್ನುವವರ ಮಾತಿಗೆ ಒಪ್ಪುತ್ತಾ ಹೋದರೆ 27 ಅಲ್ಲ, 39 ಸೆಟ್ ಬೇಕು.

ವ್ಯಾಪಾರ ಚೆನ್ನಾಗಿಯೇ ಆಯಿತು ಅನ್ನೋಣ. 40 ಸೆಟ್ 250ರಂತೆ ಹೋಯಿತು. ಮನೆಗೆ ಬಂದಾಗ ಎಲ್ಲರೂ "ಮಾಶಾ ಅಲ್ಲಾಹ್, ಎರಡು ದಿನದಲ್ಲಿ ಹತ್ತು ಸಾವಿರ ಮಾಡಿದಳು" ಅನ್ನುತ್ತಾರೆ. ಸಾಮಾನು, ಖರ್ಚು ಎಲ್ಲ ಕಳೆದರೆ ಉಳಿದದ್ದು 2,200. ಬಳೆ ಮಾಡಿದ 60 ಗಂಟೆ, ಸ್ಟಾಲ್‌ನಲ್ಲಿ ನಿಂತ 20 ಗಂಟೆ ಸೇರಿಸಿ ಭಾಗಿಸಿ. ಗಂಟೆಗೆ 27 ರೂಪಾಯಿ ಚಿಲ್ಲರೆ. ಹತ್ತು ಸಾವಿರವೇ ಲಾಭ ಅಂದುಕೊಂಡ ಮನೆಯಲ್ಲಿ ಅದರಿಂದಲೇ ಗ್ಯಾಸ್, ಫೀಸು, ಪೆರ್ನಾಲ್ ಬಟ್ಟೆ ಎಂದು ಖರ್ಚಾಗುತ್ತದೆ. ಮುಂದಿನ ಸಲ ನೂಲು ಮಣಿ ತರಲಿಕ್ಕೆ ಬಂಡವಾಳ ಇಲ್ಲ. ಆಮೇಲೆ ಒಂದು ದಿನ "ಇದರಲ್ಲೆಲ್ಲ ಎಂತ ಉಂಟು ಮಾರಾಯ್ತಿ, ಬಿಡು" ಎಂಬಲ್ಲಿಗೆ ಮುಗಿಯುತ್ತದೆ. ಹೀಗೆ ನಿಂತುಹೋದ ವ್ಯಾಪಾರಗಳಿಗೆ ಕೌಶಲದ ಕೊರತೆ ಇರಲಿಲ್ಲ. ಒಂದು ಇನ್ನೂರು ಪುಟದ ನೋಟ್‌ಬುಕ್ಕಿನ ಕೊರತೆ ಇತ್ತು.

ಇನ್ನು ಸಂಬಂಧಿಕರು. ಅಂಗಡಿಯಲ್ಲಿ ಚಿನ್ನ ಕೊಳ್ಳುವಾಗ ಮಜೂರಿ ಎಷ್ಟು ಪರ್ಸೆಂಟ್ ಎಂದು ಕೇಳಿ, ಅಷ್ಟನ್ನೂ ಕೊಟ್ಟು ಬರುವವರು ನಾವು. ಅದೇ ನಾದಿನಿ ಮಾಡಿದ ಸರಕ್ಕೆ "ನನಗೂ ದುಡ್ಡಾ?" ಎಂದು ಕೇಳುತ್ತೇವೆ. ಮಗಳ ಮದುವೆಗೆ ಬರುವವರಿಗೆಲ್ಲ ಹಂಚಲು 50 ಸೆಟ್ ಬಳೆ ಮಾಡಿಸಿಕೊಂಡು ಸಾಮಾನಿನ ದುಡ್ಡು ಮಾತ್ರ ಕೊಟ್ಟು, "ನಿನ್ನ ಹೆಸರು ನಾಲ್ಕು ಜನಕ್ಕೆ ಗೊತ್ತಾಯ್ತಲ್ಲ" ಅನ್ನುವುದೂ ಉಂಟು. ಉಡುಗೊರೆ ಕೊಡುವುದಾದರೆ ಅವಳು ಕೊಡಲಿ, ಅದು ಅವಳ ಇಷ್ಟ. ಕೇಳಿ ಪಡೆದದ್ದು ಉಡುಗೊರೆ ಆಗುವುದಿಲ್ಲ.

ಮಾರುವವರಿಗೂ ಒಂದು ಮಾತು ಹೇಳಬೇಕು. ಮುಂಬೈಯಿಂದಲೋ ಬೆಂಗಳೂರಿನ ಮಾಮೂಲ್‌ಪೇಟೆಯಿಂದಲೋ ಮಣಿ, ಕೊಕ್ಕೆ, ನೂಲು ತರಿಸುವುದು ಸರಿ. ತಯಾರಾದ ಸೆಟ್ಟನ್ನೇ ಸಗಟಿನಲ್ಲಿ ತರಿಸಿ, ಒಂದು ಮಣಿ ಬದಲಿಸಿ 'ಹ್ಯಾಂಡ್‌ಮೇಡ್' ಎಂದು ಚೀಟಿ ಅಂಟಿಸುವುದು ಸರಿಯಲ್ಲ. ಒದ್ದೆ ಧಾನ್ಯವನ್ನು ಅಡಿಗೆ ಹಾಕಿ ಮೇಲೆ ಒಣಗಿದ್ದನ್ನು ತೋರಿಸಿದ ವ್ಯಾಪಾರಿಯ ಹದೀಸನ್ನು ಮದ್ರಸದಲ್ಲಿ ಎಲ್ಲರೂ ಕಲಿತಿದ್ದೇವೆ. ತಂದು ಮಾರುವುದೂ ಹಲಾಲ್ ವ್ಯಾಪಾರವೇ, ತಂದದ್ದು ಎಂದು ಹೇಳಿ ಮಾರಿದರಾಯಿತು. ಕಿವಿಯ ಕೊಕ್ಕೆಯಲ್ಲಿ ನಿಕ್ಕಲ್ ಇದ್ದರೆ ಕೆಲವರಿಗೆ ಕೆರೆತ, ಗಾಯ ಆಗುತ್ತದೆ. ಅದನ್ನೂ ಕೊಳ್ಳುವವರಿಗೆ ಮೊದಲೇ ಹೇಳಬೇಕು.

"ಹೆಂಗಸಿನ ದುಡಿಮೆಯ ಲೆಕ್ಕ ಕೇಳುವುದು, ಬೇರೆ ಅಕೌಂಟ್ ಇಡುವುದು ನಮ್ಮ ಸಂಪ್ರದಾಯ ಅಲ್ಲ" ಎನ್ನುವ ಹಿರಿಯರಿದ್ದಾರೆ. ಸಂಪ್ರದಾಯ ಅಲ್ಲದೆ ಇರಬಹುದು, ದೀನ್ ಮಾತ್ರ ಅದನ್ನೇ ಹೇಳುತ್ತದೆ. ಸೂರಃ ಅನ್ನಿಸಾದ 32ನೇ ವಚನ ಪುರುಷರ ಸಂಪಾದನೆಯಲ್ಲಿ ಪುರುಷರಿಗೆ ಪಾಲು, ಸ್ತ್ರೀಯರ ಸಂಪಾದನೆಯಲ್ಲಿ ಸ್ತ್ರೀಯರಿಗೆ ಪಾಲು ಎಂಬ ಅರ್ಥದ ಮಾತನ್ನು ಬೇರೆ ಬೇರೆಯಾಗಿಯೇ ಹೇಳುತ್ತದೆ. ಖದೀಜಾ (ರ) ಅವರ ವ್ಯಾಪಾರದ ಕಥೆಯನ್ನು ಪ್ರತಿ ಭಾಷಣದಲ್ಲೂ ಕೇಳುತ್ತೇವೆ. ಆದರೆ ಅವರದು ದೊಡ್ಡ ವ್ಯಾಪಾರ, ಕಾಫಿಲಾ ಕಳಿಸುತ್ತಿದ್ದವರು. ನಮ್ಮ ಮೇಜಿಗೆ ಹತ್ತಿರದವರು ಝೈನಬ್ ಬಿಂತ್ ಜಹ್ಶ್ (ರ). ಪ್ರವಾದಿಯವರ (ಸ) ಪತ್ನಿಯಾಗಿದ್ದೂ ಕೈಯಾರೆ ಚರ್ಮ ಹದ ಮಾಡಿ, ಹೊಲಿದು, ಬಂದ ಆದಾಯವನ್ನು ದಾನ ಮಾಡುತ್ತಿದ್ದವರು.

ಇನ್ನೊಂದು ಹದೀಸ್ ಅಬ್ದುಲ್ಲಾಹ್ ಇಬ್ನ್ ಮಸ್ಊದ್ (ರ) ಅವರ ಪತ್ನಿಯದ್ದು. ತನ್ನ ಗಂಡನಿಗೂ ತನ್ನ ಆಶ್ರಯದಲ್ಲಿದ್ದ ಅನಾಥರಿಗೂ ಖರ್ಚು ಮಾಡಿದರೆ ಅದು ಸದಕಾ ಆಗುತ್ತದೆಯೇ ಎಂದು ಅವರು ಕೇಳಿಸಿದರು. ಎರಡು ಪ್ರತಿಫಲ ಉಂಟು, ಒಂದು ಸಂಬಂಧದ್ದು, ಒಂದು ದಾನದ್ದು ಎಂಬ ಉತ್ತರ ಬಂತು. ಆ ಪ್ರಶ್ನೆಯನ್ನೇ ಸ್ವಲ್ಪ ಗಮನಿಸಿ. ದುಡ್ಡು ಗಂಡನದ್ದೇ ಆಗಿದ್ದರೆ, ಅಥವಾ 'ಮನೆಯದ್ದು' ಆಗಿದ್ದರೆ ಅದನ್ನು ಗಂಡನಿಗೆ ಕೊಡುವುದು ದಾನವೋ ಅಲ್ಲವೋ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಅದು ಅವಳದ್ದು ಎಂಬುದರಲ್ಲಿ ಆ ಕಾಲದಲ್ಲಿ ಯಾರಿಗೂ ಸಂಶಯ ಇರಲಿಲ್ಲ.

ಝಕಾತ್‌ನ ವಿಷಯಕ್ಕೆ ಬಂದರೆ ಇನ್ನೂ ಸ್ಪಷ್ಟ. ಮೈಮೇಲೆ ಧರಿಸುವ ಆಭರಣದ ಝಕಾತ್ ಬಗ್ಗೆ ನಮ್ಮ ಶಾಫಿಈ ಮದ್ಹಬ್‌ನಲ್ಲಿ ಬೇರೆಯೇ ವಿಧಿ ಇದೆ. ಮಾರಾಟಕ್ಕೆ ಇಟ್ಟ ಸರಕಿನದ್ದು ಹಾಗಲ್ಲ. ವರ್ಷ ತುಂಬಿದ ದಿನ ಸರಕಿಗೆ ಬೆಲೆ ಕಟ್ಟಿ, ನಿಸಾಬ್ ಮುಟ್ಟಿದರೆ ಎರಡೂವರೆ ಶೇಕಡಾ ಕೊಡಬೇಕು, ಮತ್ತು ಕೊಡಬೇಕಾದವಳು ಆ ಸರಕಿನ ಒಡತಿ. ಡಬ್ಬದಲ್ಲಿ ಎಷ್ಟು ಸೆಟ್ ಉಂಟು, ಗಂಡನ ಅಕೌಂಟಿನಲ್ಲಿ ಅವಳದ್ದು ಎಷ್ಟು, ಮೂರು ಕಡೆ ಸಾಲ ಕೊಟ್ಟದ್ದು ಎಷ್ಟು ಎಂಬ ಲೆಕ್ಕವೇ ಇಲ್ಲದವಳು ಝಕಾತ್ ಕೊಡಬೇಕೋ ಬೇಡವೋ ಎಂದು ಹೇಗೆ ತಿಳಿಯುತ್ತಾಳೆ? ಸಂಶಯ ಇದ್ದವರು ಮೊಹಲ್ಲಾದ ಉಸ್ತಾದರನ್ನು ಕೇಳಲಿ. ಅವರೂ ಮೊದಲು ಲೆಕ್ಕದ ಪುಸ್ತಕ ತರಲಿಕ್ಕೇ ಹೇಳುತ್ತಾರೆ.

ಅವಳ ಹೆಸರಿನ ಅಕೌಂಟ್ ಯಾಕೆ ಬೇಕು ಎಂಬುದಕ್ಕೆ ಲೌಕಿಕ ಕಾರಣಗಳೂ ಉಂಟು. ಗಂಡ ಗಲ್ಫ್‌ನಲ್ಲಿ, ಊರಿನ ಸಿಮ್ ಅವನ ತಮ್ಮನ ಕೈಯಲ್ಲಿ, ಕ್ಯೂಆರ್ ಆ ನಂಬ್ರಕ್ಕೆ. ಮಣಿ ತರಿಸಲು ಸಾವಿರ ರೂಪಾಯಿ ಬೇಕಾದಾಗ ಮೈದುನನನ್ನು ಕೇಳಬೇಕು. ಬ್ಯಾಂಕಿನಲ್ಲಿ ಸಾಲಕ್ಕೋ ಸರಕಾರಿ ಯೋಜನೆಗೋ ಹೋದರೆ ಅವಳ ವ್ಯಾಪಾರಕ್ಕೆ ಸಾಕ್ಷಿಯೇ ಇಲ್ಲ, ಐದು ವರ್ಷದ ವಹಿವಾಟು ಬೇರೆಯವರ ಪಾಸ್‌ಬುಕ್ಕಿನಲ್ಲಿದೆ. ಗಂಡ ತೀರಿಕೊಂಡರೆ, ತಲಾಕ್ ಆದರೆ ಆ ದುಡ್ಡನ್ನು ತನ್ನದೆಂದು ತೋರಿಸಲು ಅವಳ ಕೈಯಲ್ಲಿ ಏನಿದೆ? ಇಂಥದ್ದನ್ನೆಲ್ಲ ಪೆರ್ನಾಲ್ ಹತ್ತಿರದಲ್ಲಿ ಬರೆಯಬಾರದು ಎಂದು ಯಾರಾದರೂ ಅಂದಾರು. ಆದರೆ ಆಗಿಬಿಟ್ಟ ಮೇಲೆ ಬರೆದು ಪ್ರಯೋಜನ ಇಲ್ಲ.

ಕೆಲಸ ದೊಡ್ಡದೇನಲ್ಲ. ಆಧಾರ್, ಪಾನ್ ಇದ್ದರೆ ಬ್ಯಾಂಕ್ ಅಕೌಂಟ್, ಅವಳದೇ ಸಿಮ್, ಅವಳದೇ ಹೆಸರಿನ ಕ್ಯೂಆರ್. ಉದ್ಯಮ್ ನೋಂದಣಿಗೆ ಸರಕಾರ ಒಂದು ಪೈಸೆಯೂ ತೆಗೆದುಕೊಳ್ಳುವುದಿಲ್ಲ, ಸಾವಿರ ಎರಡು ಸಾವಿರ ಕೇಳುವ ಮಧ್ಯವರ್ತಿಗಳನ್ನು ದೂರ ಇಡಿ. ಕುಶಲಕರ್ಮಿಗಳಿಗೆ ಕೇಂದ್ರದ ಕರಕುಶಲ ಇಲಾಖೆ ಕೊಡುವ ಪೆಹಚಾನ್ ಕಾರ್ಡಿಗೂ ಅರ್ಜಿ ಹಾಕಬಹುದು, ಸರಕಾರಿ ಕರಕುಶಲ ಮೇಳಗಳಲ್ಲಿ ಸ್ಟಾಲ್ ಕೇಳುವಾಗ ಅದು ಉಪಯೋಗಕ್ಕೆ ಬರುತ್ತದೆ. ಜಿಎಸ್‌ಟಿ ಎಂದು ಹೆದರುವವರಿಗೆ ಒಂದು ಮಾತು. ನಮ್ಮ ರಾಜ್ಯದೊಳಗೇ ಸರಕು ಮಾರುವ ಸಣ್ಣ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯ ಅಲ್ಲ. ಅಷ್ಟು ಬಳೆ ಮಾರಿದ ದಿನ ಅದರ ಬಗ್ಗೆ ಯೋಚಿಸಿದರಾಯಿತು.

ಕೊನೆಗೆ ಎಕ್ಸಿಬಿಷನ್ ನಡೆಸುವವರ ವಿಷಯ. 2022ರ ಮಾರ್ಚ್‌ನಲ್ಲಿ ಕಾಪು, ಮೂಲ್ಕಿ, ಪುತ್ತೂರಿನ ದೇವಸ್ಥಾನಗಳ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳನ್ನು ದೂರ ಇಟ್ಟದ್ದು ಯಾರೂ ಮರೆತಿಲ್ಲ. ಬಳೆ, ಆಟಿಕೆ, ಸರ ಹರಡಿ ಕೂರುತ್ತಿದ್ದ ಸಣ್ಣ ವ್ಯಾಪಾರಿಗಳ ಹೊಟ್ಟೆಗೆ ಅದು ನೇರವಾಗಿ ತಟ್ಟಿತು. ಉಳ್ಳಾಲದ ಉರೂಸ್ ಐದು ವರ್ಷಕ್ಕೊಮ್ಮೆ ಬರುವುದು. ಹೀಗಿರುವಾಗ ಮನೆಯಲ್ಲೇ ಕೆಲಸ ಮಾಡುವ ಹೆಂಗಸರಿಗೆ ಧೈರ್ಯವಾಗಿ ನಿಲ್ಲಬಹುದಾದ ಜಾಗ ಎಂದರೆ ನಮ್ಮ ಸಂಘಟನೆಗಳು, ಕಾಲೇಜುಗಳು, ಮಹಿಳಾ ಗುಂಪುಗಳು ನಡೆಸುವ ಇಂಥ ಎಕ್ಸಿಬಿಷನ್‌ಗಳೇ. ಅಲ್ಲೂ ಏನಾಗುತ್ತಿದೆ ನೋಡಿ. ಬಾಗಿಲ ಬಳಿಯ ಒಳ್ಳೆಯ ಜಾಗ ದೊಡ್ಡ ಬಟ್ಟೆ ಅಂಗಡಿಗೆ, ಕಾರ್ ಶೋರೂಂಗೆ. ಕೈಕೆಲಸದ ಮೇಜುಗಳು ಹಿಂದಿನ ಮೂಲೆಯಲ್ಲಿ, ಫ್ಯಾನ್ ಇಲ್ಲದಲ್ಲಿ. ಬಾಡಿಗೆ ಮಾತ್ರ ಇಬ್ಬರಿಗೂ ಒಂದೇ.

ಸಮುದಾಯದ ಹೆಸರಿನಲ್ಲಿ ಮೇಳ ನಡೆಸುವವರು ಹತ್ತು ಮೇಜನ್ನಾದರೂ ಮನೆ ಉದ್ಯಮದವರಿಗೆ ಅರ್ಧ ಬಾಡಿಗೆಗೆ ಕೊಡಲಿ, ಅದನ್ನೂ ಮುಂಚಿತವಾಗಿ ಅಲ್ಲ, ವ್ಯಾಪಾರ ಮುಗಿದ ಮೇಲೆ ತೆಗೆದುಕೊಳ್ಳಲಿ. ದೊಡ್ಡ ಅಂಗಡಿಯವರ ಬಾಡಿಗೆಯಿಂದ ಅದನ್ನು ಸರಿದೂಗಿಸುವುದು ಕಷ್ಟವಲ್ಲ. ಬೆಳಿಗ್ಗೆ ಹತ್ತರಿಂದ ರಾತ್ರಿ ಹತ್ತರವರೆಗೆ ನಿಲ್ಲುವವರಿಗೆ ಒಂದು ಶುಚಿಯಾದ ಶೌಚಾಲಯ, ನಮಾಝ್‌ಗೆ ಮತ್ತು ಮಗುವಿಗೆ ಹಾಲು ಕುಡಿಸಲು ಪರದೆ ಕಟ್ಟಿದ ಒಂದು ಕೋಣೆ ಬೇಕು. ಹಾಲ್ ಬುಕ್ ಮಾಡಲು ಹೋಗುವ ಸಮಿತಿಯಲ್ಲಿ ಇಬ್ಬರು ಹೆಂಗಸರಿದ್ದರೆ ಇದನ್ನು ಪೇಪರಿನಲ್ಲಿ ಬರೆಯುವ ಅಗತ್ಯವೇ ಬರುತ್ತಿರಲಿಲ್ಲ.